ಮೂರನೆಯ ಸಾಲಿನ ಸಮಾಧಿ

ಕೊರ್ಲಹಳ್ಳಿ
26 ಏಪ್ರಿಲ್ 2021

ನನ್ನ ಮಗಳು ರೋಜಾಳಿಗೆ,

ಕರ್ತನು ನಿನ್ನ ತಲೆಯ ಮೇಲೆ ಕೈಯಿಟ್ಟು ಕಾಯಲಿ ಎಂದು ಬೇಡಿಕೊಂಡು ಈ ಪತ್ರ ಶುರು ಮಾಡಿದ್ದೇನೆ. ನಾಳೆಯಿಂದ ಬಸ್ಸು ನಿಲ್ಲುತ್ತವಂತೆ. ನಿನ್ನ ಮಾವ ಕೊಟ್ರಪ್ಪ ಟಿ.ವಿ. ನೋಡಿ ಬಂದು ನನ್ನ ಮುಂದೆ ಎರಡೂ ಕೈ ಅಡ್ಡ ಮಾಡಿ ತೋರಿಸಿದ. ತಮ್ಮನ ಹೆಂಡತಿಗೆ ಜ್ವರ, ನಾಲ್ಕು ದಿನ ಗಂಜಿ ಕಾಯಿಸಿ ಕೊಟ್ಟು ಬರುತ್ತೇನೆ ಎಂದು ಬಂದವಳು ನಾನು. ಈಗ ಹನಮಂತವ್ವ ಎದ್ದು ರೊಟ್ಟಿ ಬಡಿಯುತ್ತಿದ್ದಾಳೆ, ನಾನು ಕುಳಿತು ತಿನ್ನುತ್ತಿದ್ದೇನೆ. ಸೇವೆಗೆ ಬಂದವಳು ಬೀಗಿತ್ತಿಯಾದೆ.

ಇಲ್ಲಿ ಎಲ್ಲರ ಬಾಯಿಗೂ ಬಟ್ಟೆ ಬಂದಿದೆ. ಮೂವತ್ತು ವರ್ಷ ಕರೆಂಟ್ ಮಗ್ಗದ ಮುಂದೆ ನಿಂತು ಕಿವಿ ಕಳೆದುಕೊಂಡ ಮೇಲೆ ಮಂದಿಯ ತುಟಿ ನೋಡಿ ಮಾತು ತಿಳಿಯುತ್ತಿದ್ದೆ. ಈಗ ತುಟಿಯೂ ಕಾಣುವುದಿಲ್ಲ. ಕೊಟ್ರಪ್ಪನ ಮಗ ಮಾಂತೇಶನ ಫೋನಿಗೆ ಮಾಡಿ ಅವನ ಕೈಲಿ ಹೇಳಿಸಬೇಡ. ನೀನು ಅರ್ಧ ತಾಸು ಮಾತಾಡಿದ್ದನ್ನು ಅವನು "ಅತ್ತಿ, ಎಲ್ಲಾ ಆರಾಮ" ಎಂದು ಮೂರು ಮಾತಿನಲ್ಲಿ ಮುಗಿಸುತ್ತಾನೆ. ನೀನು ಪತ್ರ ಬರೆ. ಅಂಚೆಯವನು ಮಾತ್ರ ತಪ್ಪದೆ ಬರುತ್ತಾನೆ.

ನಿಮ್ಮಪ್ಪನ ಕೆಮ್ಮು ಹೇಗಿದೆ? ಈಸ್ಟರ್ ಹಬ್ಬಕ್ಕೆ ಸ್ಮಶಾನದಲ್ಲಿ ಸುಣ್ಣ ಬಳಿದು ಬಂದಾಗಿನಿಂದ ಹಿಡಿದ ಕೆಮ್ಮು ಅದು. ಹಬ್ಬದ ನಸುಕಿನಲ್ಲಿ ಸಭೆಯವರೆಲ್ಲ ಅಲ್ಲಿ ನಿಂತು ಪ್ರಾರ್ಥಿಸುವಾಗ ಒಂದೂ ಸಮಾಧಿ ಮಾಸಿರಬಾರದು ಎಂಬುದು ಅವರ ಹಟ. ಮೂವತ್ತೈದು ವರ್ಷವಾಯಿತು, ಯಾರೂ ಹೇಳಿದ ಕೆಲಸವಲ್ಲ. "ಸತ್ತವರಿಗೆ ಸುಣ್ಣ ಹಚ್ಚೂದರಾಗ ಮನಿ ಗ್ವಾಡಿ ಮರತ್ರಿ" ಎಂದು ನಾನು ಬೈದರೆ, "ನಾಳೆ ಅವರ ನನ್ನ ಬಾಜೂಮನಿ ಮಂದಿ, ಈಗಿಂದ ಸಲಿಗಿ ಇರಲಿ" ಎಂದರು. ಅವರಿಗೆ ಬಿಸಿನೀರು ಕುಡಿಯಲು ಹೇಳು. ಹೇಳಿದರೆ ಕೇಳುವವರಲ್ಲ, ಎದುರಿಗೆ ನಿಂತು ಕುಡಿಸು.

ನಿನ್ನ ಅವ್ವ,
ದೇವವ್ವ

ಲಕ್ಷ್ಮೇಶ್ವರ
9 ಮೇ 2021

ಅವ್ವನಿಗೆ ರೋಜಾಳ ನಮಸ್ಕಾರ.

ಸುತ್ತಿ ಬಳಸಿ ಬರೆಯುವುದಿಲ್ಲ. ಅಪ್ಪನನ್ನು ಶುಕ್ರವಾರ ಗದಗಿನ ಕೋವಿಡ್ ವಾರ್ಡಿಗೆ ಸೇರಿಸಿದ್ದೇನೆ. ಬೆರಳಿಗೆ ಹಚ್ಚುವ ಯಂತ್ರ ಎಂಬತ್ತನಾಲ್ಕು ತೋರಿಸಿತು. ತೊಂಬತ್ತೈದರ ಮೇಲಿರಬೇಕಿತ್ತು. ಆಕ್ಸಿಜನ್ ಹಚ್ಚಿದ್ದಾರೆ, ಮಾತಾಡುತ್ತಾನೆ. ತಮ್ಮ ವಿಶಾಲನಿಗೂ ಬಂದಿದೆ, ಆದರೆ ಹೆಚ್ಚಿಲ್ಲ. ಶಿರಹಟ್ಟಿಯ ಮನೆಯಲ್ಲಿಯೇ ಹೆಂಡತಿ ಮಕ್ಕಳನ್ನು ದೂರವಿಟ್ಟು ಒಂದು ಕೋಣೆಯಲ್ಲಿದ್ದಾನೆ.

ಸೇರಿಸುವಾಗ ದೊಡ್ಡ ಪಾಳಿ ಇತ್ತು. ನನ್ನ ಹಿಂದೆ ಇಪ್ಪತ್ತು ಜನ ಕೆಮ್ಮುತ್ತ ನಿಂತಿದ್ದರು. ಫಾರ್ಮಿನಲ್ಲಿ ಹೆಸರು, ವಯಸ್ಸು, ಊರು, ಧರ್ಮ ಎಲ್ಲ ನಾನೇ ತುಂಬಿದೆ. ಧರ್ಮದ ಮುಂದೆ ಹಿಂದೂ ಎಂದು ಬರೆದೆ. ವಿಶಾಲನ ನೌಕರಿಯ ಜಾತಿ ಪ್ರಮಾಣಪತ್ರದಲ್ಲಿ ಅದೇ ಇದೆ, ನಾವು ಸರಕಾರಿ ಕಾಗದದಲ್ಲೆಲ್ಲ ಅದನ್ನೇ ಬರೆಯುತ್ತೇವೆ, ಕೈ ತಾನೇ ಬರೆಯಿತು. ಗಾಲಿಕುರ್ಚಿಯಲ್ಲಿ ಕುಳಿತಿದ್ದ ಅಪ್ಪ ಕಾಗದದ ಕಡೆ ನೋಡಿದ.

ಮರುದಿನ ನಾನು ನನ್ನ ಡ್ಯೂಟಿಗೆ ಇಲ್ಲಿಗೆ ಬರಬೇಕಾಯಿತು. ನಾವು ಮೂವರೇ ನರ್ಸುಗಳು, ಹಾಸಿಗೆ ನಲವತ್ತು. ಇಲ್ಲಿ ಶಮಶಾದಬಿ ಎನ್ನುವ ಮುದುಕಿ ಇದ್ದಾಳೆ. ನಿನ್ನೆ ನನ್ನ ಕೈ ಹಿಡಿದು, "ನರ್ಸವ್ವಾ, ನಿನ್ನ ದೇವರಿಗೆ ನೀ ಹೇಳು, ನನ್ನ ದೇವರಿಗೆ ನಾ ಹೇಳೀನಿ. ಯಾರು ಮೊದಲ ಕೇಳತಾರ ನೋಡೂಣು" ಎಂದಳು. ಹೂಂ ಎಂದೆ. ಆದರೆ ಅವ್ವ, ನನಗೆ ಪ್ರಾರ್ಥನೆ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ಸಿಲಿಂಡರ್ ಎಷ್ಟು ಉಳಿದಿವೆ ಎಂದು ಲೆಕ್ಕ ಬರುತ್ತದೆ. ಅಪ್ಪನಿಗಾಗಿ ನೀನೇ ಪ್ರಾರ್ಥಿಸು.

ರೋಜಾ

ಕೊರ್ಲಹಳ್ಳಿ
13 ಮೇ 2021

ರೋಜಾ, ನನ್ನ ಕೂಸೇ,

ನಿನ್ನ ಪತ್ರ ಇವತ್ತು ಮುಟ್ಟಿತು. ಮೂರು ಸಲ ಓದಿದೆ. ಇನ್ನು ಅನ್ನ ಮುಟ್ಟುವುದಿಲ್ಲ, ಅವರು ವಾರ್ಡಿನಿಂದ ಹೊರಗೆ ಬರುವ ತನಕ ಸಂಜೆ ಒಂದು ಲೋಟ ಅಂಬಲಿ ಮಾತ್ರ.

ಕೊಟ್ರಪ್ಪನ ಮನೆಯ ನಡುಮನೆಯಲ್ಲಿ ಅವರ ದೇವರ ಜಗಲಿ ಇದೆ. ಅದರ ಮುಂದೆ ನಾನು ಮೊಣಕಾಲೂರುವುದು ಅವರಿಗೂ ಸರಿಯಲ್ಲ, ನನಗೂ ಸರಿಯಲ್ಲ. ಅದಕ್ಕೆ ಹಿತ್ತಲಿನ ಬಣವಿಯ ಮರೆಯಲ್ಲಿ ಕೂಡುತ್ತೇನೆ. ಅಲ್ಲಿಂದ ಹೊಳೆ ಕಾಣುತ್ತದೆ. ನನ್ನ ದನಿ ಎಷ್ಟು ದೊಡ್ಡದೆಂದು ನನಗೆ ತಿಳಿಯದು. ಓಣಿಯ ಕೊನೆಯವರಿಗೂ ಕೇಳುತ್ತದಂತೆ. ಒಂದೇ ದಿನದಲ್ಲಿ ಇಡೀ ಕೊರ್ಲಹಳ್ಳಿಗೆ ನಿಮ್ಮಪ್ಪ ತಿರಕಪ್ಪನ ಹೆಸರು ಬಾಯಿಪಾಠವಾಗಿದೆ.

ಹನಮಂತವ್ವ ನಿಮ್ಮಪ್ಪನ ಹೆಸರಿನಲ್ಲಿ ದ್ಯಾಮವ್ವನಿಗೆ ದೀಪ ಹಚ್ಚಿದಳು. ನನಗೆ ಸಿಟ್ಟು ಬಂತು. ಅವಳು ಬಾಯಿಯ ಬಟ್ಟೆ ಇಳಿಸಿ, ನಾನು ತುಟಿ ಓದುವ ಹಾಗೆ ನಿಧಾನ ಹೇಳಿದಳು: "ಯಕ್ಕಾ, ನನ್ನ ಜಡ್ಡಿಗೆ ನೀ ನಿನ್ನ ದೇವರಿಗೆ ಕೇಳಿದಿ. ನಾ ಬ್ಯಾಡ ಅಂದ್ನ್ಯಾ?" ದೀಪ ಉರಿಯಲಿ ಎಂದು ಹಿತ್ತಲಿಗೆ ನಡೆದೆ.

ನಾನು ದೇವರಿಗೆ ನೇರ ಕೇಳಿದ್ದೇನೆ. ಸಂಬಳ ಕೇಳಿಲ್ಲ, ಸೀರೆ ಕೇಳಿಲ್ಲ, ಹೋದ ಕಿವಿಯನ್ನೂ ಕೇಳಿಲ್ಲ. ಇದೊಂದು ಕೇಳಿದ್ದೇನೆ. ಅವರಿಗೆ ಹೇಳು, ದೇವವ್ವ ಹಟ ಹಿಡಿದಿದ್ದಾಳೆ ಎಂದು. ನನ್ನ ಹಟ ಅವರಿಗೆ ಗೊತ್ತು.

ನಿನ್ನ ಅವ್ವ

ಬೆಟಗೇರಿ
20 ಮೇ 2021
(ಅಂಚೆಗೆ ಹಾಕದೆ ಉಳಿದದ್ದು)

ಅವ್ವ,

ಅಪ್ಪ ಹೋದ ಸುದ್ದಿಯನ್ನು ಅವತ್ತೇ ಕೊಟ್ರಪ್ಪ ಮಾವನಿಗೆ ಫೋನಿನಲ್ಲಿ ಹೇಳಿದ್ದೆ. "ಮಣ್ಣು?" ಎಂದು ಕೇಳಿದ. "ಆತು ಮಾವಾ" ಎಂದೆ. ಅದು ಸುಳ್ಳು. ಖರೆ ಏನೆಂದು ಬರೆಯುತ್ತೇನೆ.

ಹದಿನಾಲ್ಕರ ಮುಂಜಾನೆ ಏಳಕ್ಕೆ ಅಪ್ಪ ಹೋದ. ನಾನು ಲಕ್ಷ್ಮೇಶ್ವರದ ವಾರ್ಡಿನಲ್ಲಿ ಒಬ್ಬರಿಗೆ ಸೂಜಿ ಕೊಡುತ್ತಿದ್ದೆ. ಫೋನ್ ಬಂತು. ಒಂದು ತಾಸಿನ ಮೇಲೆ ಹೆಣ ಒಯ್ಯುವವರದು ಇನ್ನೊಂದು ಫೋನ್. "ಅಕ್ಕಾರ, ಇಲ್ಲೆ ಭಾಳ ಅದಾವ್ರಿ, ಇಡಾಕ ಜಾಗಾ ಇಲ್ಲ. ಕಾಗದದಾಗ ಇದ್ದಂಗ ಮುಗಸೂಣೇನ್ರಿ?" ನಾನು "ಹೂಂ, ಮಾಡ್ರಿ" ಎಂದೆ. ಕಾಗದದಲ್ಲಿ ಏನಿದೆ ಎಂದು ನನಗೆ ನೆನಪೇ ಆಗಲಿಲ್ಲ. ನಮ್ಮ ಸ್ಮಶಾನಕ್ಕೆ ಒಯ್ಯುತ್ತಾರೆ, ಚರ್ಚಿನ ಸಭಾಪಾಲಕರಿಗೆ ಫೋನ್ ಮಾಡಬೇಕು ಎಂದಷ್ಟೇ ಯೋಚಿಸುತ್ತಿದ್ದೆ.

ಬಸ್ಸಿಲ್ಲ. ಆಂಬುಲೆನ್ಸ್ ಒಂದರಲ್ಲಿ ಡ್ರೈವರನ ಬಾಜೂ ಕುಳಿತು ಬಂದೆ. ನಮ್ಮ ಸ್ಮಶಾನದ ಗೇಟಿನಲ್ಲಿ ಸಭಾಪಾಲಕರೊಬ್ಬರೇ ನಿಂತಿದ್ದರು. ಗಾಡಿ ಬರಲಿಲ್ಲ. ಫೋನ್ ಹಚ್ಚಿ ಕೇಳಿದರೆ, ಹಿಂದೂ ಎಂದಿದ್ದ ಐವರನ್ನೂ ಒಟ್ಟಿಗೆ ಒಯ್ದಿದ್ದರು. ನಾನು ಹೋಗುವಷ್ಟರಲ್ಲಿ ಐದೂ ಚಿತೆ ಉರಿಯುತ್ತಿದ್ದವು. ಅಪ್ಪ ಯಾವುದರಲ್ಲಿ ಎಂದು ಕೇಳಬೇಕಾಯಿತು. "ಎಡಕಿಂದ ಎರಡನೇದ" ಎಂದ ಒಬ್ಬ. ನಾನು ಪ್ರಾರ್ಥನೆ ಹೇಳಲಿಲ್ಲ, ಹಾಡು ಹೇಳಲಿಲ್ಲ. ಮುಖಕ್ಕೆ ಹೊಗೆ ಬರುತ್ತಿತ್ತು, ಹಿಂದೆ ಸರಿದು ನಿಂತೆ.

ಬೂದಿಯನ್ನು ಮಣ್ಣಿನ ಕುಡಿಕೆಯಲ್ಲಿ ಕೊಟ್ಟರು. ಅದನ್ನು ಟ್ರಂಕಿನಲ್ಲಿ ಅಪ್ಪನ ಧೋತರದ ಮೇಲೆ ಇಟ್ಟಿದ್ದೇನೆ. ಸಭಾಪಾಲಕರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

ಅವತ್ತೇ ಮಧ್ಯಾಹ್ನ ಶಮಶಾದಬಿಯನ್ನು ಮನೆಗೆ ಕಳಿಸಿದರಂತೆ. ಅವಳ ದೇವರೇ ಮೊದಲು ಕೇಳಿದ.

ಅವ್ವ, ಮಣ್ಣಿಗೆ ಕೊಡಬೇಕಾದವನನ್ನು ನಾನು ಒಂದು ಶಬ್ದ ಬರೆದು ಬೆಂಕಿಗೆ ಕೊಟ್ಟೆ. ನಿನಗೆ ಇದನ್ನು ಹೇಗೆ

ಬೆಟಗೇರಿ
21 ಮೇ 2021

ಅವ್ವನಿಗೆ,

ಅಪ್ಪ ಹೆಚ್ಚು ನರಳಲಿಲ್ಲ ಎಂದು ಅಲ್ಲಿಯ ನರ್ಸ್ ಹೇಳಿದಳು. ಸಭಾಪಾಲಕರು ಬಂದಿದ್ದರು. ಮೂರನೆಯ ಸಾಲಿನಲ್ಲಿ, ಅಜ್ಜಿಯ ಸಮಾಧಿಯಿಂದ ನಾಲ್ಕು ಹೆಜ್ಜೆ ಆಚೆ ಜಾಗ ಸಿಕ್ಕಿತು. ಎಲ್ಲ ನಮ್ಮ ರೂಢಿಯಂತೆ ಆಯಿತು. ನೀನು ಉಪವಾಸ ಬಿಡು, ಊಟ ಮಾಡು.

ರೋಜಾ

ಕೊರ್ಲಹಳ್ಳಿ
18 ಜೂನ್ 2021

ರೋಜಾಳಿಗೆ,

ಇಷ್ಟು ದಿನ ಬರೆಯಲಿಲ್ಲ ಎಂದು ಸಿಟ್ಟಾಗಬೇಡ. ನನಗೂ ಜಡ್ಡು ಬಂದಿತ್ತು. ಹನ್ನೆರಡು ದಿನ ಮಲಗಿದ್ದೆ. ಈಗ ಎದ್ದಿದ್ದೇನೆ, ಆದರೆ ಅಡುಗೆಮನೆಯಿಂದ ಹಿತ್ತಲಿಗೆ ಹೋದರೆ ಉಸಿರು ಹತ್ತುತ್ತದೆ. ಮುಂಡರಗಿಯ ಡಾಕ್ಟರು ಮಳೆಗಾಲ ಮುಗಿಯುವ ತನಕ ಪ್ರಯಾಣ ಬೇಡ ಎಂದಿದ್ದಾರೆ.

ಆ ದಿನ ಕೊಟ್ರಪ್ಪ ನನ್ನ ಮುಂದೆ ಕುಳಿತು ಏನೋ ಹೇಳಿದ. ಬಾಯಿಗೆ ಟವೆಲ್ ಇತ್ತು. ಅವನ ಕಣ್ಣಲ್ಲಿ ನೀರು ಬಂದರೂ ನನಗೆ ಹೊಳೆಯಲಿಲ್ಲ. "ಬಾಯಿ ತಗದ ಹೇಳೋ" ಎಂದು ಗದರಿದೆ. ಅವನು ಟವೆಲ್ ತೆಗೆದ, ಆದರೆ ತುಟಿ ನಡುಗಿ ಮಾತೇ ಮೂಡಲಿಲ್ಲ. ಕೊನೆಗೆ ಮಾಂತೇಶ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ. ಅವನ ಕೈಬರಹ ಕೆಟ್ಟದ್ದು. ಎರಡು ಸಲ ಓದಬೇಕಾಯಿತು.

ಅಂಬಲಿ ಕುಡಿದು ಒಂದೇ ದಿನ ಬೇಡಿದೆ. ಅಷ್ಟಕ್ಕೇ ದೇವರಿಗೆ ಬೇಸರವಾಯಿತೇ? ಅವನ ಮೇಲೆ ಸಿಟ್ಟಿದೆ ಎಂದು ನಿನಗಲ್ಲದೆ ಯಾರಿಗೆ ಹೇಳಲಿ. ಸಭೆಯ ಹೆಂಗಸರು "ಕರ್ತನ ಚಿತ್ತ" ಎಂದು ಬರೆದು ಕಳಿಸಿದ್ದಾರೆ. ಕಾಗದ ಮಡಚಿ ಇಟ್ಟೆ. ಈಗಲೂ ಬಣವಿಯ ಮರೆಗೆ ಹೋಗುತ್ತೇನೆ. ಮೊಣಕಾಲೂರುತ್ತೇನೆ, ಕರ್ತನೇ ಎನ್ನುತ್ತೇನೆ, ಮುಂದೆ ಏನೂ ಬರುವುದಿಲ್ಲ. ಎದ್ದು ಬರುತ್ತೇನೆ.

ಒಂದೇ ಸಮಾಧಾನ, ಅವರು ತಮ್ಮ ಮಂದಿಯ ನಡುವೆ ಮಲಗಿದ್ದಾರೆ. ಅದನ್ನು ಹಿಡಿದುಕೊಂಡೇ ನಾನು ಬದುಕಿದ್ದೇನೆ, ಸುಳ್ಳಲ್ಲ. ಮೂರನೆಯ ಸಾಲು ಎಂದೆಯಲ್ಲ. ಗೇಟಿನಿಂದ ಹೋದರೆ ಎಡಕ್ಕೋ ಬಲಕ್ಕೋ? ಮೊದಲ ಹಿಡಿ ಮಣ್ಣು ಯಾರು ಹಾಕಿದರು? ಯಾವ ಹಾಡು ಹೇಳಿದರು? ಇದನ್ನೆಲ್ಲ ಬಿಡದೆ ಬರೆ. ನೀನು ಬರೆದರೆ ನನ್ನ ಕಣ್ಣಿಗೆ ಕಾಣುತ್ತದೆ.

ಅವ್ವ

ಲಕ್ಷ್ಮೇಶ್ವರ
6 ಜುಲೈ 2021

ಅವ್ವನಿಗೆ,

ನಿನ್ನ ಜಡ್ಡಿನ ಸುದ್ದಿ ತಿಳಿದು ಬಹಳ ಸಂಕಟವಾಯಿತು. ಗುಳಿಗೆ ಕಳಿಸಿದ್ದೇನೆ, ಊಟದ ನಂತರ ಒಂದೊಂದು. ಎಡಕ್ಕೆ. ಮಣ್ಣು ನಾನೇ ಹಾಕಿದೆ. ಹಾಡು ನೆನಪಿಲ್ಲ. ಇಲ್ಲಿ ಈಗ ರೋಗಿಗಳು ಕಡಿಮೆ. ಹಾಸಿಗೆಗಳು ಖಾಲಿಯಿವೆ, ಆದರೂ ಕಿವಿಯಲ್ಲಿ ಕೆಮ್ಮಿನ ಸದ್ದು ನಿಂತಿಲ್ಲ.

ರೋಜಾ

ಕೊರ್ಲಹಳ್ಳಿ
12 ಆಗಸ್ಟ್ 2021

ರೋಜಾಳಿಗೆ,

ನಿನ್ನ ಪತ್ರ ಅಂಚೆ ಚೀಟಿಯಷ್ಟೇ ಇತ್ತು. ದುಃಖದಲ್ಲಿ ನೀನು ಮಾತು ನುಂಗುವವಳು, ಅಪ್ಪನ ಗುಣ, ಹೋಗಲಿ. ಈಗ ಒಂದು ಸಂತೋಷದ ಸುದ್ದಿ ಹೇಳುತ್ತೇನೆ.

ಮುಂಡರಗಿಯ ಕಲ್ಲುಕುಟಿಗನಿಂದ ನಿಮ್ಮಪ್ಪನಿಗೆ ಕಲ್ಲು ಕೆತ್ತಿಸಿದ್ದೇನೆ. ಮೊಣಕಾಲೆತ್ತರ ಇದೆ. ಮೇಲೆ ಶಿಲುಬೆ, ಕೆಳಗೆ "ತಿರಕಪ್ಪ, ಕರ್ತನ ಸೇವಕ" ಎಂದು. ಅವನು ಮೊದಲು ಶಿಲುಬೆಯ ತೋಳುಗಳನ್ನು ಸಮ ಮಾಡಿರಲಿಲ್ಲ. ನಾನು ಎತ್ತಿನ ಗಾಡಿಯಲ್ಲಿ ಹೋಗಿ ಎದುರಿಗೆ ಕುಳಿತು ಮಾಡಿಸಿದೆ. ಡಾಕ್ಟರು ಪ್ರಯಾಣ ಬೇಡ ಎಂದದ್ದು ಬಸ್ಸಿಗೆ, ಗಾಡಿಗಲ್ಲ.

ಮುಂದಿನ ವಾರದ ಶನಿವಾರ ಮಾಂತೇಶ ಟೆಂಪೋದಲ್ಲಿ ತರುತ್ತಾನೆ. ಜಾಗ ತೋರಿಸು. ನಾನು ಬರುವಾಗ ಕಲ್ಲು ನಿಂತಿರಬೇಕು.

ಅವ್ವ

ಬೆಟಗೇರಿ
22 ಆಗಸ್ಟ್ 2021

ಅವ್ವ,

ಇದನ್ನು ಕುಳಿತು ಓದು. ಹನಮಂತವ್ವ ಅತ್ತೆಯನ್ನು ಹತ್ತಿರ ಕೂರಿಸಿಕೊಂಡು ಓದು.

ನಿನ್ನೆ ಮಾಂತೇಶ ಕಲ್ಲು ತಂದ. ಬಾಗಿಲಲ್ಲೇ ಅವನಿಗೆ ಹೇಳಬೇಕಿತ್ತು, ಹೇಳಲಿಲ್ಲ. ಸ್ಮಶಾನಕ್ಕೆ ಕರೆದುಕೊಂಡು ಹೋಗಿ ಮೂರನೆಯ ಸಾಲಿನಲ್ಲಿ ಹೆಸರಿಲ್ಲದ ಒಂದು ಹೊಸ ಮಣ್ಣಿನ ಗುಂಪಿ ತೋರಿಸಿದೆ. ಯಾರದೆಂದು ನನಗೆ ಗೊತ್ತಿರಲಿಲ್ಲ. ಅವನು ಚಪ್ಪಲಿ ಬಿಟ್ಟು ಕೈಮುಗಿದು ತಲೆಯ ಕಡೆ ಅಗೆಯತೊಡಗಿದ. ಅಷ್ಟರಲ್ಲಿ ಹೂವಿನ ಚೀಲ ಹಿಡಿದು ಒಬ್ಬ ಮುದುಕ ಬಂದ. ನಮ್ಮನ್ನು ಸ್ವಲ್ಪ ಹೊತ್ತು ನೋಡಿ, ಬಹಳ ಮೆತ್ತಗೆ ಕೇಳಿದ: "ಯಾರ ಕಲ್ಲ ತಂಗೀ ಇದು? ಇಲ್ಲಿ ನನ್ನ ಸೊಸಿ ಮಲಗ್ಯಾಳವಾ."

ಮಾಂತೇಶ ನನ್ನ ಮುಖ ನೋಡಿದ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ. ಅಲ್ಲಿಯೇ, ಆ ಮುದುಕನ ಮುಂದೆಯೇ ಎಲ್ಲ ಹೇಳಿದೆ.

ಅಪ್ಪ ಆ ಸ್ಮಶಾನದಲ್ಲಿ ಇಲ್ಲ ಅವ್ವ. ಫಾರ್ಮಿನಲ್ಲಿ ನಾನು ಹಿಂದೂ ಎಂದು ಬರೆದಿದ್ದೆನಲ್ಲ, ಅದನ್ನು ನೋಡಿ ಸುಟ್ಟುಬಿಟ್ಟರು. ಕಾಗದದಂತೆ ಮುಗಿಸೋಣವೇ ಎಂದು ಫೋನಿನಲ್ಲಿ ನನ್ನನ್ನೇ ಕೇಳಿದರು, ನಾನೇ ಹೂಂ ಎಂದೆ. ಅವರದೇನೂ ತಪ್ಪಿಲ್ಲ. ನಾನು ಮುಟ್ಟುವಷ್ಟರಲ್ಲಿ ಉರಿಯುತ್ತಿತ್ತು. ಮಣ್ಣು, ಮೂರನೆಯ ಸಾಲು, ನಾಲ್ಕು ಹೆಜ್ಜೆ, ಎಲ್ಲ ನಾನು ಕಟ್ಟಿದ್ದು. ಬೂದಿ ನಮ್ಮ ಟ್ರಂಕಿನಲ್ಲಿದೆ. ಮೇ ತಿಂಗಳಲ್ಲೇ ನಿನಗೆ ಖರೆ ಬರೆದಿದ್ದೆ, ಅಂಚೆಗೆ ಹಾಕುವ ಧೈರ್ಯ ಬರಲಿಲ್ಲ. ಆ ಕಾಗದವನ್ನೂ ಇದರ ಜೊತೆ ಇಟ್ಟಿದ್ದೇನೆ.

ಸಭಾಪಾಲಕರು ಹೇಳಿದ್ದು ಇಷ್ಟು: "ಬೂದಿ ಇಡೂ ರೂಢಿ ನಮ್ಮಲ್ಲಿಲ್ಲ. ಆದರ ಆ ಮನಶ್ಯಾಗ ಜಾಗಾ ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ಲ. ಹಿರಿಯರನ್ನ ನಾ ಒಪ್ಪಸ್ತೀನಿ, ನಿಮ್ಮವ್ವ ಬರಲಿ."

ಇನ್ನೊಂದು ಮಾತು. ವಿಶಾಲನಿಗೆ ಕಲ್ಲಿನ ಸುದ್ದಿ ಹೇಳಿದೆ. ಅವನು ಅತ್ತುಬಿಟ್ಟ. "ಅಕ್ಕಾ, ನಮ್ಮ ಕಡೆ ಒಬ್ಬ ಗುಮಾಸ್ತನ ಮ್ಯಾಲ ಅರ್ಜಿ ಬಿದ್ದೈತಿ. ಅವರಪ್ಪನ ಶಿಲುಬಿ ಇದ್ದ ಸಮಾಧಿ ಫೋಟೋ ಹಚ್ಚಿ ಕೊಟ್ಟಾರ. ಜಾತಿ ಕಾಗದ ಸುಳ್ಳು ಅಂತ ನೌಕರಿಗೇ ಬಂದೈತಿ. ನಾವು ಚರ್ಚಿಗೆ ಹೋಗೂದನ್ನ ಯಾರೂ ಬರದ ಇಡೂದಿಲ್ಲ. ಕಲ್ಲಿನ ಮ್ಯಾಲಿಂದು ಹಂಗಲ್ಲ. ಅಪ್ಪನ ಹೆಸರು, ಶಿಲುಬಿ, ಎರಡೂ ಒಂದ ಕಡೆ ಬ್ಯಾಡ. ಅವ್ವಗ ನೀನ ಹೇಳು, ನನ್ನ ಕೈಲೆ ಆಗೂದಿಲ್ಲ" ಎಂದ.

ಕಲ್ಲು ಸ್ಮಶಾನದ ಗೇಟಿನ ಒಳಗೆ ಗೋಡೆಗೆ ಒರಗಿಸಿ, ಮೇಲೆ ಗೋಣಿಚೀಲ ಹೊದಿಸಿ ಬಂದಿದ್ದೇವೆ. ಏನು ಮಾಡಬೇಕು ಎಂದು ನೀನು ಹೇಳಬೇಕು. ನನ್ನನ್ನು ಬೈಯಬೇಕಾದರೆ ಬೈದು ಬರೆ, ಬರೆಯದೆ ಇರಬೇಡ.

ನಿನ್ನ ಮಗಳು,
ರೋಜಾ

ಬೆಟಗೇರಿ
25 ಸೆಪ್ಟೆಂಬರ್ 2021

ಅವ್ವ,

ಒಂದು ತಿಂಗಳ ಮೇಲಾಯಿತು. ಮಾಂತೇಶನಿಗೆ ಫೋನ್ ಮಾಡಿದರೆ "ಅತ್ತಿ ಆರಾಮ ಅದಾಳ" ಎನ್ನುತ್ತಾನೆ, ಹೆಚ್ಚು ಹೇಳುವುದಿಲ್ಲ. ಖಾಲಿ ಕಾಗದವನ್ನಾದರೂ ಮಡಚಿ ಕಳಿಸು.

ರೋಜಾ

ಕೊರ್ಲಹಳ್ಳಿ
31 ಅಕ್ಟೋಬರ್ 2021

ರೋಜಾ, ನನ್ನ ಮಗಳೇ,

ನಿನ್ನ ಮೇಲಿನ ಸಿಟ್ಟಿಗೆ ನಾನು ಬರೆಯಲಿಲ್ಲ ಎಂದು ತಿಳಿದಿದ್ದೀ. ಸುಳ್ಳು ಹೇಳಿದ್ದಕ್ಕೆ ಸಿಟ್ಟು ಬಂದದ್ದು ಖರೆ. ಇಲ್ಲದ ಸಮಾಧಿಯನ್ನು ಕಣ್ಣ ಮುಂದೆ ತಂದುಕೊಂಡು ಮೂರು ತಿಂಗಳು ಅತ್ತಿದ್ದೇನೆ. ಆದರೆ ಆ ಸಿಟ್ಟು ಎಂಟು ದಿನಕ್ಕೆ ಇಳಿಯಿತು. ಆಮೇಲೆ ಬರೆಯದೆ ಇದ್ದದ್ದು ಬೇರೆ ಕಾರಣಕ್ಕೆ. ಅದನ್ನು ಹೇಳದೆ ನಿನಗೆ ಒಂದು ಸಾಲೂ ಬರೆಯುವ ಹಾಗಿರಲಿಲ್ಲ.

ಕೊಟ್ರಪ್ಪನಿಗೆ ಎಲ್ಲ ಹೇಳಿದಾಗ ಅವನು ಏನಂದ ಗೊತ್ತೇ? "ಯಕ್ಕಾ, ಸುಡೂದು ನಮ್ಮದೂ ಅಲ್ಲಲ್ಲ. ನಮ್ಮಪ್ಪನ್ನ, ನಮ್ಮವ್ವನ್ನ ನಾವೂ ಮಣ್ಣಾಗ ಇಟ್ಟೀವಿ." ಹೌದಲ್ಲ ಎನಿಸಿತು. ಕಾಗದದಲ್ಲಿ ಬರೆದ ಹಾಗೆ ನಡೆದಿದ್ದರೂ ಅವರು ಮಣ್ಣಿಗೇ ಹೋಗಬೇಕಿತ್ತು. ಕೊಟ್ರಪ್ಪನವರದೂ ಅಲ್ಲದ, ನಮ್ಮದೂ ಅಲ್ಲದ ಬೆಂಕಿಗೆ ಹೋದರು. ಆ ದಿನಗಳಲ್ಲಿ ಯಾರಿಗೆ ಏನು ಕೇಳುವ ಹೊತ್ತಿತ್ತು.

ಈಗ ನನ್ನ ಮಾತು. ವಿಶಾಲನನ್ನು ಶಾಲೆಗೆ ಹಾಕಿದ ವರ್ಷ ನೀನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ನಿನಗೆ ನೆನಪಿರಲಿಕ್ಕಿಲ್ಲ. ನಿಮ್ಮಪ್ಪ ಅವನ ಕೈ ಹಿಡಿದು ಹೋಗಿ ಧರ್ಮದ ಮುಂದೆ ಕ್ರೈಸ್ತ ಎಂದು ಬರೆಯಲು ಹೇಳಿದರು. ಮಾಸ್ತರರು ಒಳ್ಳೆಯವರು. "ತಿರಕಪ್ಪ, ಹಂಗ ಬರದರ ಹುಡುಗಗ ಮುಂದ ಸವಲತ್ತು ಸಿಗೂದಿಲ್ಲ, ವಿಚಾರ ಮಾಡಿ ನಾಳೆ ಬಾ" ಎಂದು ಕಳಿಸಿದರು. ಮನೆಗೆ ಬಂದು, "ಇದ್ದದ್ದ ಬರಸೂದರಾಗ ವಿಚಾರ ಏನೈತಿ, ನಾಳೆ ಬರಸ್ತೀನಿ" ಎಂದರು. ಮರುದಿನ ಅವರು ಮಗ್ಗಕ್ಕೆ ಹೋದ ಮೇಲೆ ನಾನು ಕೊಟ್ರಪ್ಪನ ಮನೆಯ ಜಾತಿ ಕಾಗದ ಹಿಡಿದು ಶಾಲೆಗೆ ಹೋದೆ. ಬರೆಸಿದೆ. ನಿನ್ನ ಹೆಸರಿನ ಮುಂದೆ ಇದ್ದದ್ದನ್ನೂ ತಿದ್ದಿಸಿದೆ. ನನ್ನ ಮಕ್ಕಳು ನನ್ನ ಹಾಗೆ ಮಗ್ಗದ ಮುಂದೆ ಕಿವುಡಾಗಬಾರದು, ಅಷ್ಟೇ ನನ್ನ ತಲೆಯಲ್ಲಿತ್ತು. ನನ್ನ ಕಿವಿ ಆಗಲೇ ಮಂದವಾಗಿತ್ತು.

ನಾಲ್ಕು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಐದನೆಯ ದಿನ ಊಟಕ್ಕೆ ಕುಳಿತಾಗ ಹೇಳಿದರು: "ಆತು ಬಿಡು. ಬದುಕಿದ್ದಾಗ ಮಕ್ಕಳ ಸಲುವಾಗಿ ಕಾಗದದಾಗ ಬ್ಯಾರೆ ಆಗಿರತೀನಿ. ಸತ್ತ ಮ್ಯಾಲಾದರೂ ನನ್ನ ಖರೆ ಹೇಳ್ರಿ. ನಮ್ಮ ಮಂದಿ ನಡುವ ಇಟ್ಟು ಮ್ಯಾಲ ಹೆಸರು ಬರಸು." ನಾನು ಮಾತು ಕೊಟ್ಟೆ. ಅವರ ತಲೆ ಮುಟ್ಟಿ ಕೊಟ್ಟೆ.

ಆಮೇಲೆಯೇ ಅವರು ಸಮಾಧಿಗಳಿಗೆ ಸುಣ್ಣ ಬಳಿಯುವುದನ್ನು ವ್ರತದ ಹಾಗೆ ಹಿಡಿದದ್ದು. ಯಾಕೆ ಎಂದು ನನಗೆ ಗೊತ್ತಿತ್ತು, ನಗೆಮಾತು ಆಡಿ ತೇಲಿಸುತ್ತಿದ್ದೆ. ಸಾಲು ಎಡಕ್ಕೋ ಬಲಕ್ಕೋ ಎಂದು ನಿನ್ನನ್ನು ಪೀಡಿಸಿದ್ದೂ ಇದಕ್ಕೇ. ಫಾರ್ಮಿನಲ್ಲಿ ನಿನ್ನ ಕೈ ತಾನೇ ಬರೆಯಿತು ಎಂದೆಯಲ್ಲ. ಅದು ನಾನು ಕಲಿಸಿದ ಪಾಠ ಮಗಳೇ. ನೀನು ಹತ್ತು ವರ್ಷದವಳಿದ್ದಾಗ ಕೂರಿಸಿಕೊಂಡು, ಯಾರು ಕೇಳಿದರೆ ಏನು ಹೇಳಬೇಕು ಎಂದು ಬಾಯಿಪಾಠ ಮಾಡಿಸಿದವಳು ನಾನು. ಐದು ತಿಂಗಳು ಆ ಕುಡಿಕೆಯ ಪಕ್ಕದಲ್ಲಿ ನೀನು ಒಬ್ಬಳೇ ಮಲಗಿ ಎದ್ದೆ. ಆ ಭಾರ ನಿನ್ನದಲ್ಲ. ಇಳಿಸು.

ಎರಡು ತಿಂಗಳು ಬಣವಿಯ ಮರೆಯಲ್ಲಿ ಕುಳಿತು ದೇವರಿಗೆ ಕೇಳಿದ್ದು ಒಂದೇ, ಕಲ್ಲಿನದು ಏನು ಮಾಡಲಿ ಎಂದು. ಉತ್ತರ ಬರಲಿಲ್ಲ. ಬರುವುದೂ ಇಲ್ಲ ಎನಿಸುತ್ತದೆ. ಆತನಿಗೆ ಹೇಳಿ ನಾನೇ ತೀರ್ಮಾನ ಮಾಡಿದ್ದೇನೆ.

ಬೂದಿಯನ್ನು ನಿನ್ನ ಅಜ್ಜಿಯ ಸಮಾಧಿಯ ಕಾಲ ಬಳಿ ಇಡೋಣ. ಮೇಲೆ ಕಲ್ಲು ಹಾಕೋಣ, ಆದರೆ ನಿಲ್ಲಿಸುವುದು ಬೇಡ, ಮಲಗಿಸಿಬಿಡಲಿ. ಹೆಸರು, ಶಿಲುಬೆ ಇರುವ ಮುಖ ಕೆಳಗೆ, ಅವರ ಕಡೆಗೆ. ಬರಿಯ ಬೆನ್ನು ಮೇಲೆ. ಬಂದವರು ಯಾರದೋ ಚಪ್ಪಡಿ ಎಂದುಕೊಳ್ಳಲಿ, ಫೋಟೋ ತೆಗೆದರೂ ಏನೂ ಸಿಗದಿರಲಿ. ವಿಶಾಲನಿಗೆ ಇನ್ನೂ ಹತ್ತೊಂಬತ್ತು ವರ್ಷ ನೌಕರಿ ಇದೆ, ಇಬ್ಬರು ಕೂಸುಗಳಿದ್ದಾರೆ. ಅವನಿಗೆ ಹೆದರಬೇಡ ಎಂದು ಹೇಳು.

ಇದರಿಂದ ಅವರಿಗೆ ಕೊಟ್ಟ ಮಾತು ಮುರಿಯುತ್ತದೆ, ನನಗೆ ಗೊತ್ತಿದೆ. ಮೊದಲ ಸಲ ಅವರಿಗೆ ತಿಳಿಯದೆ ಮಾಡಿದೆ. ಈ ಸಲ ಅವರು ಹೇಳಿಹೋದದ್ದು ನೆನಪಿಟ್ಟುಕೊಂಡೇ ಮಾಡುತ್ತಿದ್ದೇನೆ. ದೇವರು ಕ್ಷಮಿಸುತ್ತಾನೆ ಎಂದು ಸಭಾಪಾಲಕರು ಹೇಳಿಯಾರು, ಹಾಗೆ ಹೇಳಬೇಡಿ ಎಂದು ಅವರಿಗೆ ತಿಳಿಸು. ಕ್ಷಮಿಸಬೇಕಾದವರು ತಿರಕಪ್ಪ, ಅವರನ್ನೇ ಕಂಡು ಕೇಳುತ್ತೇನೆ.

ಶನಿವಾರ ಮುಂಜಾನೆಯ ಬಸ್ಸಿಗೆ ಕೊಟ್ರಪ್ಪ, ಹನಮಂತವ್ವ, ನಾನು ಬರುತ್ತೇವೆ. ಅಲ್ಲಿಯವರೆಗೆ ಕುಣಿ ತೋಡಿಸಬೇಡ. ಕಲ್ಲನ್ನು ಮಗುಚುವಾಗ ಒಂದು ಕಡೆ ನಾನೇ ಹಿಡಿಯಬೇಕು.

ನಿನ್ನ ಅವ್ವ,
ದೇವವ್ವ